ದೀಪದ ಬೆಳಕು, ನಕ್ಷತ್ರದ ಚಿತ್ರ

ಕಳೆದ ಕಾರ್ತಿಕ ಮಾಸದ ಕೊನೆಯಲ್ಲಿ, ಅಮಾವಾಸ್ಯೆಗೆ ಇನ್ನೆರಡು ದಿನವಿರುವಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತುಮಕೂರಿನ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಿಡುವಿನಲ್ಲಿ ಆಕಾಶದ ಫೋಟೋ ತೆಗೆಯುವ ಹುಚ್ಚು. ಜೊತೆಯಲ್ಲಿ ಒಂದು ಪುಟ್ಟ ದೂರದರ್ಶಕ, ಭೂಮಿಯ ತಿರುಗುವಿಕೆಗೆ ಸರಿಯಾಗಿ ತಾನೂ ನಿಧಾನವಾಗಿ ತಿರುಗುವ ಒಂದು ಸ್ಟ್ಯಾಂಡು, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವನ್ನೂ ತಂದಿದ್ದ. ರಾತ್ರಿ ಊಟವಾದ ಮೇಲೆ ಅವನ್ನೆಲ್ಲ ನಮ್ಮ ತಾರಸಿಯ ಮೇಲೆ ಹೂಡಿ, ಒಂದೊಂದು ನಿಮಿಷದ 120 ಚಿತ್ರಗಳನ್ನು ತೆಗೆದು, ಅವೆಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದ. ಪರದೆಯ ಮೇಲೆ ನಿಧಾನವಾಗಿ ಆಂಡ್ರೋಮಿಡಾ ಗೆಲಾಕ್ಸಿ ಮೂಡಿತು. ನಡುವೆ ಹೊಂಬಣ್ಣದ ಗರ್ಭ, ಸುತ್ತ ಓರೆಯಾಗಿ ಹರಡಿದ ಸುರುಳಿ, ಅದರೊಳಗೆ ಕಪ್ಪು ಧೂಳಿನ ಗೆರೆಗಳು.

ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಬೆರಗಾಗಿ ನೋಡಿದಳು. ಆಮೇಲೆ ಎದ್ದು ಪ್ಯಾರಾಪೆಟ್ಟಿನ ಬಳಿ ಹೋಗಿ, ದೂರದರ್ಶಕ ಯಾವ ಕಡೆಗೆ ತಿರುಗಿತ್ತೋ ಆ ಕಡೆಗೆ ಬಹಳ ಹೊತ್ತು ಕತ್ತೆತ್ತಿ ನಿಂತಳು. ವಾಪಸು ಬಂದು ಕೇಳಿದಳು: "ತಾತ, ಇದು ಇಲ್ಲೇ ತೆಗೆದ ಫೋಟೋನಾ? ಅಲ್ಲೇನೂ ಇಲ್ವಲ್ಲ!"

ನನ್ನ ಶಿಷ್ಯ ನಕ್ಕ. ನನಗೆ ನಗು ಬರಲಿಲ್ಲ. ಏಕೆಂದರೆ ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ ಇದೇ ಗೆಲಾಕ್ಸಿಯನ್ನು ನಾನೇ ಅವನಿಗೆ ಶಾಲೆಯ ಮೈದಾನದಲ್ಲಿ ನಿಲ್ಲಿಸಿ, ಬರಿಗಣ್ಣಿಗೆ ತೋರಿಸಿದ್ದೆ. ಕ್ಯಾಮೆರಾಕ್ಕೆ ಇಂದು ಕಾಣುವುದು ನನ್ನ ಮೊಮ್ಮಗಳ ಕಣ್ಣಿಗೆ ಕಾಣುತ್ತಿಲ್ಲ. ಇದು ಹೇಗಾಯಿತು ಎಂಬುದಕ್ಕೆ ಸುಮಾರು ನೂರ ನಲವತ್ತು ವರ್ಷಗಳ ಇತಿಹಾಸವಿದೆ. ಊರಿನ ದೀಪಗಳೂ ಆಕಾಶದ ಛಾಯಾಚಿತ್ರಗಳೂ ಒಟ್ಟೊಟ್ಟಿಗೇ ಬೆಳೆದ ಆ ಇತಿಹಾಸವನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಅದರ ಕೊನೆಯ ಪುಟದಲ್ಲಿ ನನ್ನದೂ ಒಂದು ಅರ್ಜಿಯಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಿ.ಎಡ್. ಮುಗಿಸಿ 1984ರಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ. ಬಯಲುಸೀಮೆ, ಮಳೆ ಕಡಿಮೆ, ಮೋಡ ಕಡಿಮೆ. ಊರಿಗೆ ವಿದ್ಯುತ್ತು ಬಂದಿತ್ತಾದರೂ ಬೀದಿದೀಪಗಳು ಎಣಿಸಿದರೆ ಒಂದು ಕೈಯ ಬೆರಳಿಗೆ ಸಿಗುವಷ್ಟು. ಅವೂ ಮಂಕಾದ ಬಲ್ಬುಗಳು. ಜಿ. ಟಿ. ನಾರಾಯಣ ರಾಯರ ಖಗೋಳ ಬರಹಗಳನ್ನು ಓದಿಕೊಂಡು ನಕ್ಷತ್ರಗಳನ್ನು ಗುರುತಿಸುವುದನ್ನು ನಾನು ಕಲಿತದ್ದು ಅಲ್ಲಿಯೇ. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಸುಕಿನಲ್ಲಿ ಎದ್ದು, ಮಕ್ಕಳನ್ನೂ ಅವರ ಜೊತೆಗೆ ಬಂದ ಅಪ್ಪಂದಿರನ್ನೂ ಊರ ಹೊರಗಿನ ದಿಬ್ಬಕ್ಕೆ ಕರೆದೊಯ್ದು ತೋರಿಸಿದ್ದೆ. ಆಮೇಲೆ ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಒಂದು ರಾತ್ರಿ ಆಂಡ್ರೋಮಿಡಾ ತೋರಿಸುವುದು ವಾಡಿಕೆಯಾಯಿತು. ನೆತ್ತಿಯ ಮೇಲೆ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ. ನಮ್ಮ ಪಂಚಾಂಗದ ಪೂರ್ವಾಭಾದ್ರ ಉತ್ತರಾಭಾದ್ರಗಳೆರಡೂ ಸೇರಿದ ಚೌಕ ಅದು. ಅದರ ಈಶಾನ್ಯ ಮೂಲೆಯಿಂದ ಎರಡು ನಕ್ಷತ್ರ ಆಚೆಗೆ, ಅಲ್ಲಿಂದ ಎರಡು ಸಣ್ಣ ನಕ್ಷತ್ರ ಉತ್ತರಕ್ಕೆ. ಅಲ್ಲಿ ಬೆರಳಿನಿಂದ ಒರೆಸಿದ ಸೀಮೆಸುಣ್ಣದ ಗುರುತಿನಂತೆ ಒಂದು ಮಸುಕು. "ಈಗ ನಿಮ್ಮ ಕಣ್ಣಿಗೆ ಬಿದ್ದ ಈ ಬೆಳಕು ಅಲ್ಲಿಂದ ಹೊರಟು ಇಪ್ಪತ್ತೈದು ಲಕ್ಷ ವರ್ಷವಾಯಿತು" ಎಂದು ಹೇಳಿದ ಕೂಡಲೇ ಗದ್ದಲ ಮಾಡುತ್ತಿದ್ದ ಹುಡುಗರು ಸುಮ್ಮನಾಗುತ್ತಿದ್ದರು. ಮೂವತ್ತೈದು ವರ್ಷಗಳ ನನ್ನ ವೃತ್ತಿಯಲ್ಲಿ ಇಷ್ಟು ಸುಲಭವಾಗಿ ತರಗತಿಯನ್ನು ಹಿಡಿದಿಟ್ಟ ಪಾಠ ಇನ್ನೊಂದಿಲ್ಲ.

ಈಗ ಇತಿಹಾಸಕ್ಕೆ ಬರೋಣ.

ಮನೆಯ ಹಿತ್ತಿಲಿನಿಂದ ಆಕಾಶದ ಚಿತ್ರ ತೆಗೆಯುವುದು ಇಂದಿನ ಹವ್ಯಾಸವೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ನೋಡಿದರೆ ಈ ವಿದ್ಯೆಯ ದೊಡ್ಡ ಹೆಜ್ಜೆಗಳನ್ನು ಇಟ್ಟವರಲ್ಲಿ ಹಿತ್ತಿಲಿನವರೇ ಪ್ರಮುಖರು. ಇಂಗ್ಲೆಂಡಿನ ಆಂಡ್ರ್ಯೂ ಐನ್ಸ್‌ಲೀ ಕಾಮನ್ ಎಂಬಾತ ನೈರ್ಮಲ್ಯ ವ್ಯವಸ್ಥೆಗಳ ಎಂಜಿನಿಯರು. ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್‌ನ ತನ್ನ ಮನೆಯ ತೋಟದಲ್ಲಿ 36 ಅಂಗುಲ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿ, 1883ರಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಚಿತ್ರ ತೆಗೆದ. ದೂರದರ್ಶಕದಲ್ಲಿ ಇಣುಕಿದ ಕಣ್ಣಿಗೆ ಕಾಣದ ನಕ್ಷತ್ರಗಳು ಆ ಗಾಜಿನ ಫಲಕದ ಮೇಲೆ ಮೂಡಿದ್ದವು. ಮರುವರ್ಷ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ಈಲಿಂಗ್ ಇಂದು ಲಂಡನ್ ಮಹಾನಗರದ ಒಳಗೇ ಸೇರಿಹೋಗಿದೆ.

ಇನ್ನೊಬ್ಬ ಐಸಾಕ್ ರಾಬರ್ಟ್ಸ್. ಲಿವರ್‌ಪೂಲಿನಲ್ಲಿ ಕಟ್ಟಡಗಳ ಗುತ್ತಿಗೆದಾರನಾಗಿ ಹಣ ಸಂಪಾದಿಸಿದವನು. ಆ ನಗರದ ಬಳಿಯ ಮಘಲ್ ಎಂಬಲ್ಲಿ ತನ್ನ ಮನೆಯಲ್ಲಿ 20 ಅಂಗುಲದ ದೂರದರ್ಶಕವನ್ನಿಟ್ಟುಕೊಂಡು, 1888ರ ಡಿಸೆಂಬರ್ ಕೊನೆಯಲ್ಲಿ ಆಂಡ್ರೋಮಿಡಾದ ಒಂದು ಚಿತ್ರ ತೆಗೆದ. ಫಲಕವನ್ನು ಗಂಟೆಗಟ್ಟಲೆ ಬೆಳಕಿಗೆ ಒಡ್ಡಿ ತೆಗೆದ ಚಿತ್ರ ಅದು. ಆವರೆಗೆ ಬರಿಯ ಮೋಡದಂತೆ ಕಂಡಿದ್ದ ವಸ್ತು ಸುರುಳಿಯಾಗಿದೆ ಎಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು. ಇದೊಂದು ಹುಟ್ಟುತ್ತಿರುವ ಸೌರವ್ಯೂಹವೆಂದು ರಾಬರ್ಟ್ಸ್ ತಪ್ಪಾಗಿ ಊಹಿಸಿದ. ಆದರೆ ಚಿತ್ರ ಸುಳ್ಳಾಗಲಿಲ್ಲ. 1890ರಲ್ಲಿ ಅವನು ಇನ್ನೂ ಒಳ್ಳೆಯ ಆಕಾಶ ಬೇಕೆಂದು ದಕ್ಷಿಣದ ಕ್ರೌಬರೋ ಎಂಬ ಎತ್ತರದ ಊರಿಗೆ ವಾಸವನ್ನೇ ಬದಲಿಸಿದ. ಒಳ್ಳೆಯ ಆಕಾಶವನ್ನು ಹುಡುಕಿಕೊಂಡು ಊರು ಬಿಟ್ಟು ಹೋಗುವುದು ಈ ಕಥೆಯಲ್ಲಿ ಮುಂದೆಯೂ ಮತ್ತೆ ಮತ್ತೆ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸ ಪರ್ವತಗಳ ನೆತ್ತಿಗೆ ಹೋಯಿತು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮೇಲೆ 1917ರಲ್ಲಿ 100 ಅಂಗುಲದ ದೂರದರ್ಶಕ ಸಿದ್ಧವಾಯಿತು. ಎಡ್ವಿನ್ ಹಬಲ್ 1923ರ ಅಕ್ಟೋಬರಿನಲ್ಲಿ ಅದರಿಂದ ತೆಗೆದ ಆಂಡ್ರೋಮಿಡಾದ ಫಲಕದಲ್ಲಿ ಒಂದು ಮಿಣುಕು ನಕ್ಷತ್ರವನ್ನು ಗುರುತಿಸಿ, ಆ ಸುರುಳಿ ನಮ್ಮ ಆಕಾಶಗಂಗೆಯ ಆಚೆಗಿರುವ ಬೇರೊಂದು ನಕ್ಷತ್ರಲೋಕವೆಂದು ತೋರಿಸಿಕೊಟ್ಟ. ಆದರೆ ಬೆಟ್ಟದ ಬುಡದಲ್ಲಿ ಲಾಸ್ ಏಂಜಲೀಸ್ ನಗರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ನಗರದ ಬೆಳಕು ಮೇಲಕ್ಕೆ ಹೋಗಿ, ಗಾಳಿಯಲ್ಲಿರುವ ಅಣುಗಳಿಗೂ ಧೂಳಿಗೂ ಬಡಿದು ಚದುರಿ, ಇಡೀ ಆಕಾಶವನ್ನೇ ತಿಳಿಯಾಗಿ ಬೆಳಗಿಸುತ್ತದೆ. ಗಾಜಿನ ಫಲಕ ನಕ್ಷತ್ರದ ಬೆಳಕನ್ನು ಕೂಡಿಹಾಕಿಕೊಂಡಂತೆಯೇ ಈ ಬೆಳಕನ್ನೂ ಕೂಡಿಹಾಕಿಕೊಳ್ಳುತ್ತದೆ. ಒಂದು ಮಿತಿಯ ನಂತರ ಫಲಕವೆಲ್ಲ ಮಸಿ ಬಳಿದಂತಾಗಿ, ಇನ್ನೆಷ್ಟು ಹೊತ್ತು ಒಡ್ಡಿದರೂ ಹೊಸದೇನೂ ಸಿಗುವುದಿಲ್ಲ. ಹಬಲ್ ಕೂಡ ಆಂಡ್ರೋಮಿಡಾದ ಅಂಚಿನ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಂಡಿದ್ದನೇ ಹೊರತು, ಅದರ ಗರ್ಭಭಾಗ ಅವನಿಗೆ ಬರಿಯ ಮಂಜಾಗಿಯೇ ಉಳಿದಿತ್ತು.

ಆಗ ಬಂದದ್ದು ಎರಡನೆಯ ಮಹಾಯುದ್ಧ. ಮೌಂಟ್ ವಿಲ್ಸನ್ನಿನ ವಿಜ್ಞಾನಿಗಳು ಹೆಚ್ಚಿನವರು ಯುದ್ಧದ ಕೆಲಸಗಳಿಗೆ ಹೋದರು. ಹೋಗದೆ ಉಳಿದವನು ವಾಲ್ಟರ್ ಬಾಡೆ. ಜರ್ಮನಿಯ ಪ್ರಜೆಯಾದ್ದರಿಂದ ಅಮೆರಿಕದ ಕಾನೂನಿನ ಪ್ರಕಾರ ಅವನು ಶತ್ರುದೇಶದವನು; ಯುದ್ಧದ ರಹಸ್ಯ ಕೆಲಸಕ್ಕೆ ಅವನನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಹೀಗಾಗಿ ಜಗತ್ತಿನ ಅತಿ ದೊಡ್ಡ ದೂರದರ್ಶಕದ ಬಹುಪಾಲು ರಾತ್ರಿಗಳು ಅವನ ಪಾಲಿಗೆ ಬಂದವು. ಇತ್ತ ವೈಮಾನಿಕ ದಾಳಿಯ ಭಯದಿಂದ ಲಾಸ್ ಏಂಜಲೀಸಿನ ದೀಪಗಳನ್ನು ಆರಿಸಿ, ತಗ್ಗಿಸಿ, ನಗರವನ್ನು ಕತ್ತಲೆಗೊಳಿಸಿದ್ದರು. ಬಾಡೆ ಈ ಅವಕಾಶವನ್ನು ಬಿಡಲಿಲ್ಲ. ಕೆಂಪು ಬೆಳಕಿಗೆ ಹೆಚ್ಚು ಸ್ಪಂದಿಸುವ ಹೊಸ ಬಗೆಯ ಫಲಕಗಳನ್ನು ಆರಿಸಿಕೊಂಡು, ಗಾಳಿ ಅಲುಗದ ರಾತ್ರಿಗಳಿಗಾಗಿ ಕಾದು, 1943ರಲ್ಲಿ ಆಂಡ್ರೋಮಿಡಾದ ಗರ್ಭವನ್ನೂ ಅದರ ಎರಡು ಸಂಗಾತಿ ಗೆಲಾಕ್ಸಿಗಳನ್ನೂ ಗಂಟೆಗಟ್ಟಲೆ ಚಿತ್ರಿಸಿದ. ಮಂಜು ಒಡೆದು ಸಾವಿರಾರು ನಕ್ಷತ್ರಗಳಾಯಿತು. ಅವು ಕೆಂಪು ದೈತ್ಯ ನಕ್ಷತ್ರಗಳು. ಸುರುಳಿಯ ತೋಳಿನಲ್ಲಿರುವ ಎಳೆಯ ನೀಲಿ ನಕ್ಷತ್ರಗಳ ಪೀಳಿಗೆಯೇ ಬೇರೆ, ಗರ್ಭದಲ್ಲಿರುವ ಮುದಿ ನಕ್ಷತ್ರಗಳ ಪೀಳಿಗೆಯೇ ಬೇರೆ ಎಂದು ಅವನು 1944ರಲ್ಲಿ ಪ್ರಕಟಿಸಿದ. ಇದೇ ಎಳೆಯನ್ನು ಹಿಡಿದು ಮುಂದುವರಿದು, 1952ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ, ಆಂಡ್ರೋಮಿಡಾ ನಾವು ಎಣಿಸಿದ್ದಕ್ಕಿಂತ ಎರಡು ಪಟ್ಟು ದೂರದಲ್ಲಿದೆ ಎಂದು ಸಾರಿದ. ವಿಶ್ವದ ಅಳತೆಯೇ ಇಮ್ಮಡಿಯಾಯಿತು.

ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗಲೆಲ್ಲ ನನಗೊಂದು ಸಂಕೋಚ ಕಾಡುತ್ತಿತ್ತು. ಆ ಕತ್ತಲೆ ಭಯದಿಂದ ಹುಟ್ಟಿದ ಕತ್ತಲೆ. ಬಾಂಬು ಬೀಳಬಹುದೆಂದು ಜನ ದೀಪವಾರಿಸಿ ಕುಳಿತ ರಾತ್ರಿಗಳವು. ದೀಪ ಮತ್ತೆ ಹೊತ್ತಿದಾಗ ಅವರಿಗಾದ ನೆಮ್ಮದಿಯನ್ನು ಖಗೋಳದ ಹೆಸರಿನಲ್ಲಿ ಹಳಿಯುವ ಹಕ್ಕು ನಮಗಿಲ್ಲ.

ಯುದ್ಧ ಮುಗಿಯಿತು, ದೀಪಗಳು ಮರಳಿದವು, ಖಗೋಳಜ್ಞರು ದೂರ ಸರಿದರು. 200 ಅಂಗುಲದ ದೂರದರ್ಶಕವನ್ನು ಮೌಂಟ್ ವಿಲ್ಸನ್ನಿನಲ್ಲಿ ಇಡದೆ ಇನ್ನೂ ದಕ್ಷಿಣದ ಪಾಲೋಮಾರ್ ಬೆಟ್ಟದಲ್ಲಿ ನಿಲ್ಲಿಸಿ 1948ರಲ್ಲಿ ಉದ್ಘಾಟಿಸಿದರು. ಹಬಲ್ ಮತ್ತು ಬಾಡೆ ಬಳಸಿದ 100 ಅಂಗುಲದ ದೂರದರ್ಶಕವನ್ನು 1985ರಲ್ಲಿ ಕೆಲವು ವರ್ಷಗಳ ಕಾಲ ಮುಚ್ಚಲಾಯಿತು. ಅರಿಜೋನಾದ ಫ್ಲಾಗ್‌ಸ್ಟಾಫ್ ಊರು ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿ ಲೊವೆಲ್ ವೀಕ್ಷಣಾಲಯವಿತ್ತು. ಜಾಹೀರಾತಿಗಾಗಿ ಆಕಾಶಕ್ಕೆ ಬೀರುವ ಸರ್ಚ್‌ಲೈಟುಗಳನ್ನು ನಿಷೇಧಿಸಿ 1958ರಲ್ಲೇ ಆ ಊರು ನಿಯಮ ಮಾಡಿತು. 2001ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶ ನಗರವೆಂಬ ಮಾನ್ಯತೆಯೂ ಅದಕ್ಕೆ ಸಿಕ್ಕಿತು. ಊರನ್ನು ಕತ್ತಲಲ್ಲಿ ಮುಳುಗಿಸದೆಯೇ ಆಕಾಶವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಅದು ಇಂದಿಗೂ ಉದಾಹರಣೆ.

ನಮ್ಮ ದೇಶದ ಕಥೆಯೂ ಇದೇ ಜಾಡಿನದು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ 1901ರಲ್ಲಿ ಒಬ್ಬ ನವಾಬರ ಖಾಸಗಿ ಹವ್ಯಾಸವಾಗಿ ಆರಂಭವಾದದ್ದು. ಇಡೀ ಆಕಾಶವನ್ನು ಫೋಟೋ ಫಲಕಗಳಲ್ಲಿ ಪಟ್ಟಿಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಅದು ಬೇಗಂಪೇಟೆಯಲ್ಲಿದ್ದುಕೊಂಡು ತನ್ನ ಪಾಲಿನ ಆಕಾಶವನ್ನು ದಶಕಗಳ ಕಾಲ ಚಿತ್ರಿಸಿತು. ಇಂದು ಬೇಗಂಪೇಟೆಯ ಹೆಸರು ಕೇಳಿದರೆ ವಾಹನಗಳ ಸಾಲು ಕಣ್ಣಿಗೆ ಬರುತ್ತದೆಯೇ ಹೊರತು ನಕ್ಷತ್ರವಲ್ಲ. ಅದರ 48 ಅಂಗುಲದ ದೂರದರ್ಶಕವನ್ನು 1968ರಲ್ಲಿ ನಗರದಿಂದಾಚೆ ರಂಗಾಪುರದಲ್ಲಿ ಸ್ಥಾಪಿಸಬೇಕಾಯಿತು. ಆ ನಿಜಾಮಿಯಾದ ನೌಕರರೊಬ್ಬರ ಮಗನಾಗಿ, ಆಕಾಶ ನೋಡುತ್ತಲೇ ಬೆಳೆದ ವೈನು ಬಾಪು ಅವರು ಮುಂದೆ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿಕೊಂಡರು. 1977ರಲ್ಲಿ ಯುರೇನಸ್ ಗ್ರಹಕ್ಕೆ ಉಂಗುರಗಳಿವೆಯೆಂದು ಪತ್ತೆಯಾದಾಗ ಆ ವೀಕ್ಷಣೆಯಲ್ಲಿ ಕಾವಲೂರಿಗೂ ಪಾಲಿತ್ತು. ಕಾವಲೂರಿನಿಂದ ಮುಂದಿನ ಹೆಜ್ಜೆ ನೇರವಾಗಿ ಲಡಾಖಿನ ಹಾನ್ಲೆಗೆ, ಸುಮಾರು 4,500 ಮೀಟರ್ ಎತ್ತರಕ್ಕೆ. ಅಲ್ಲಿರುವ 2 ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ! ಬೆಂಗಳೂರಿನ ಮಗ್ಗುಲಲ್ಲಿ ಕುಳಿತು ನಕ್ಷತ್ರ ನೋಡಲು ದೇಶದ ಆ ತುದಿಯವರೆಗೆ ಹೋಗಬೇಕಾಗಿ ಬಂದಿದೆ ಎಂಬುದನ್ನು ನೆನೆದರೆ, ನಾವು ಎಷ್ಟು ದೂರ ಬಂದಿದ್ದೇವೆಂದು ತಿಳಿಯುತ್ತದೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲಾಕಾಶ ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿನ ಹಳ್ಳಿಗಳ ಯುವಕ ಯುವತಿಯರಿಗೆ ತರಬೇತಿ ಮತ್ತು ದೂರದರ್ಶಕಗಳನ್ನು ಕೊಟ್ಟು, ಬಂದವರಿಗೆ ಆಕಾಶ ತೋರಿಸುವುದನ್ನು ಅವರ ಜೀವನೋಪಾಯಕ್ಕೂ ಜೋಡಿಸಿದ್ದಾರೆ.

ಬೆಂಗಳೂರಿನ ಮಾತು ಬಂದದ್ದರಿಂದ ದೀಪದ ಪರವಾಗಿಯೂ ಒಂದು ಮಾತು ಹೇಳಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಅದು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಕನ್ನಡ ನಾಡಿನವರಾದ ನಾವು ಇದನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಬುಡ್ಡಿದೀಪದ ಹೊಗೆಯಲ್ಲಿ ಓದಿದ ನನ್ನಂಥವರಿಗೆ ವಿದ್ಯುದ್ದೀಪದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹಾಗಾಗಿಯೇ 2011ರಲ್ಲಿ ನಮ್ಮ ಬಡಾವಣೆಯ ಪರವಾಗಿ ಬೀದಿದೀಪ ಬೇಕೆಂಬ ಅರ್ಜಿಯನ್ನು ಬರೆದವನು ನಾನೇ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ನಮ್ಮ ತಿರುವಿನಲ್ಲಿ ಹೆದರುತ್ತಿದ್ದರು. ಒಂದೆರಡು ಕಳ್ಳತನಗಳೂ ಆಗಿದ್ದವು. ಎರಡು ಪುಟದ ಅರ್ಜಿ, ಕೆಳಗೆ ನಲವತ್ತು ಸಹಿ. ಆರು ತಿಂಗಳಲ್ಲಿ ನಮ್ಮ ಮನೆಯ ಮುಂದೆಯೇ ಕಂಬ ನಿಂತು, ಹಳದಿ ಸೋಡಿಯಂ ದೀಪ ಬಂತು. ಬೀದಿಯವರೆಲ್ಲ "ಮೇಷ್ಟ್ರ ದೀಪ" ಎಂದು ಕರೆದರು. ಕೆಲವು ವರ್ಷಗಳ ಹಿಂದೆ ಆ ಹಳದಿ ದೀಪವನ್ನು ತೆಗೆದು ಬಿಳಿ ಎಲ್‌ಇಡಿ ದೀಪ ಹಾಕಿದರು. 2015ರಲ್ಲಿ ದೇಶದಾದ್ಯಂತ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ಕಾರ್ಯಕ್ರಮ ಆರಂಭವಾದದ್ದು ಓದುಗರಿಗೆ ನೆನಪಿರಬಹುದು. ವಿದ್ಯುತ್ತು ಉಳಿಯಿತು, ಬೀದಿ ಬೆಳಗಿತು. ಆಂಡ್ರೋಮಿಡಾ ಯಾವ ವರ್ಷ ನಮ್ಮ ತಾರಸಿಯಿಂದ ಕಾಣದಾಯಿತೋ ನಾನು ಗಮನಿಸಲೇ ಇಲ್ಲ.

ಹಳದಿಯಿಂದ ಬಿಳಿಗೆ ಬಂದದ್ದು ಆಕಾಶದ ಮಟ್ಟಿಗೆ ಸಣ್ಣ ವಿಷಯವಲ್ಲವೆಂದು ನನ್ನ ಶಿಷ್ಯ ಅಂದು ರಾತ್ರಿ ವಿವರಿಸಿದ. ನಾನು ಕಲಿಸಿದ ಪಾಠವನ್ನೇ ಅವನು ನನಗೆ ಮರಳಿ ಕಲಿಸಿದ ಎನ್ನಬಹುದು. ಗಾಳಿಯ ಅಣುಗಳು ಕೆಂಪಿಗಿಂತ ನೀಲಿ ಬೆಳಕನ್ನು ಬಹಳ ಹೆಚ್ಚು ಚದುರಿಸುತ್ತವೆ. ಹಗಲಿನ ಆಕಾಶ ನೀಲಿಯಾಗಿರುವುದು ಅದಕ್ಕೇ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು. ಅದಲ್ಲದೆ ಸೋಡಿಯಂ ದೀಪಗಳ ಬೆಳಕು, ಅದರಲ್ಲೂ ಕಡಿಮೆ ಒತ್ತಡದ ಬಗೆಯದು, ಬಹುಪಾಲು 589 ನ್ಯಾನೋಮೀಟರ್ ಸುತ್ತಲಿನ ಹಳದಿಯಲ್ಲಿಯೇ ಇರುತ್ತದೆ. ಆ ಹಳದಿಯನ್ನು ತಡೆಯುವ ಗಾಜಿನ ಫಿಲ್ಟರನ್ನು ಕ್ಯಾಮೆರಾದ ಮುಂದೆ ಇಟ್ಟರೆ ಉಳಿದ ಬಣ್ಣಗಳು ಒಳಗೆ ಬರುತ್ತವೆ. ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಹರಡಿರುವುದರಿಂದ, ಕಳ್ಳನನ್ನು ತಡೆಯಲು ಹೋದರೆ ನೆಂಟನನ್ನೂ ಬಾಗಿಲಲ್ಲೇ ನಿಲ್ಲಿಸಿದಂತಾಗುತ್ತದೆ.

ಹಿತ್ತಿಲಿನ ಛಾಯಾಗ್ರಾಹಕರು ಸುಮ್ಮನೆ ಕೂತವರಲ್ಲ. ಫಿಲ್ಮಿನ ಕಾಲದಲ್ಲಿ ಅವರು ಫಿಲ್ಮನ್ನು ಜಲಜನಕ ಬೆರೆತ ಅನಿಲದಲ್ಲಿ ಗಂಟೆಗಟ್ಟಲೆ ಬೆಚ್ಚಗಿಟ್ಟು ಅದರ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳುತ್ತಿದ್ದರು. ಬಾಡೆಯ ಹಾಗೆ ಕೆಂಪು ಫಿಲ್ಟರಿನ ಮೊರೆ ಹೋಗುತ್ತಿದ್ದರು. 1969ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಕಂಡುಹಿಡಿದ ಸಿಸಿಡಿ ಎಂಬ ಸಾಧನ ಕಾಲಕ್ರಮೇಣ ಹವ್ಯಾಸಿಗಳ ಕೈಗೂ ಬಂದಾಗ ದಾರಿಯೇ ಬದಲಾಯಿತು. ಈಗ ಒಂದೇ ದೀರ್ಘ ಚಿತ್ರದ ಬದಲು ನೂರಾರು ಚಿಕ್ಕ ಚಿತ್ರಗಳನ್ನು ತೆಗೆದು ಕೂಡಿಸುತ್ತಾರೆ. ಇದನ್ನು ನಾನು ತರಗತಿಯ ಉದಾಹರಣೆಯಿಂದ ಅರ್ಥಮಾಡಿಕೊಂಡೆ. ಅರವತ್ತು ಮಕ್ಕಳ ಗದ್ದಲದ ನಡುವೆ ಒಬ್ಬ ಹುಡುಗ ಒಂದೇ ಮಾತನ್ನು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಾನೆಂದು ಭಾವಿಸಿ. ಒಮ್ಮೆ ಕೇಳಿದರೆ ತಿಳಿಯದು. ನೂರು ಸಲ ಕೇಳಿ ಸರಾಸರಿ ತೆಗೆದರೆ, ಗದ್ದಲ ಪ್ರತಿಸಲವೂ ಬೇರೆಯಾದ್ದರಿಂದ ಸವೆದುಹೋಗುತ್ತದೆ. ಹುಡುಗನ ಮಾತು ಉಳಿಯುತ್ತದೆ. ಲೆಕ್ಕ ಮಾತ್ರ ವರ್ಗಮೂಲದ್ದು: ಹದಿನಾರು ಚಿತ್ರ ಕೂಡಿಸಿದರೆ ನಾಲ್ಕು ಪಟ್ಟು ಲಾಭ, ನೂರು ಕೂಡಿಸಿದರೆ ಹತ್ತು ಪಟ್ಟು.

ಆಮೇಲೆ ಶುಚಿಮಾಡುವ ಕೆಲಸ. ಬಿಳಿ ಬನಿಯನ್ನನ್ನು ಸುಕ್ಕಿಲ್ಲದೆ ದೂರದರ್ಶಕದ ಬಾಯಿಗೆ ಕಟ್ಟಿ, ಬೆಳಗಿನ ಬೆಳಕಿನಲ್ಲಿ ಕೆಲವು ಚಿತ್ರ ತೆಗೆಯುತ್ತಾರೆ. ಮಸೂರದ ಅಂಚಿನ ಮಬ್ಬು, ಸೆನ್ಸರಿನ ಮೇಲಿನ ಧೂಳಿನ ಕಲೆಗಳೆಲ್ಲ ಅದರಲ್ಲಿ ದಾಖಲಾಗುತ್ತವೆ. ಅದರಿಂದ ಭಾಗಿಸಿದರೆ ಕಲೆ ಮಾಯ. ಕೊನೆಗೆ ಊರಿನ ಬೆಳಕಿನ ಸರಾಸರಿಯನ್ನು ಲೆಕ್ಕಹಾಕಿ ಚಿತ್ರದಿಂದ ಕಳೆಯುತ್ತಾರೆ. "ಸರಾಸರಿಯನ್ನ ಕಳೀಬಹುದು ಸಾರ್, ಅದರ ಏರಿಳಿತ ಕಳೆಯೋಕಾಗಲ್ಲ. ಹತ್ತು ಪಟ್ಟು ಬೆಳಕಿರೋ ಆಕಾಶದಲ್ಲಿ ಅದೇ ಗುಣಮಟ್ಟದ ಚಿತ್ರ ಬೇಕು ಅಂದ್ರೆ ಹತ್ತು ಪಟ್ಟು ಹೊತ್ತು ತೆಗೀಬೇಕು" ಎಂದ ಅವನು. ನೀಹಾರಿಕೆಗಳಿಗೆ ಇನ್ನೊಂದು ಉಪಾಯವಿದೆ. ಅವುಗಳ ಅನಿಲ ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತದೆ: ಜಲಜನಕ 656.3 ನ್ಯಾನೋಮೀಟರಿನ ಕೆಂಪಿನಲ್ಲಿ, ಆಮ್ಲಜನಕ 500.7ರ ಹಸಿರಿನಲ್ಲಿ. ಆ ಕಿರಿದಾದ ಪಟ್ಟಿಯನ್ನಷ್ಟೇ ಬಿಡುವ ಫಿಲ್ಟರ್ ಹಾಕಿದರೆ ಬೆಂಗಳೂರಿನ ನಡುವಿನಿಂದಲೂ ಸೊಗಸಾದ ಚಿತ್ರ ಬರುತ್ತದೆ. "ಗೆಲಾಕ್ಸಿಗೆ ಆ ಆಟ ನಡೆಯಲ್ಲ ಸಾರ್. ಅದರ ಬೆಳಕು ನಕ್ಷತ್ರಗಳದ್ದು, ಎಲ್ಲಾ ಬಣ್ಣದಲ್ಲೂ ಇರುತ್ತೆ. ಅದಕ್ಕೇ ಇಷ್ಟು ಸರಂಜಾಮು ಹೊತ್ಕೊಂಡು ನಿಮ್ಮ ಊರಿಗೆ ಬಂದೆ." ರಾಬರ್ಟ್ಸ್ ಕ್ರೌಬರೋಗೆ ಹೋದಂತೆ ನನ್ನ ಶಿಷ್ಯ ತುಮಕೂರಿಗೆ ಬಂದಿದ್ದ!

ಈ ತಾಳ್ಮೆಯ ಫಲ ಸಾಮಾನ್ಯವಾದುದಲ್ಲ. 2022ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಹವ್ಯಾಸಿಗಳ ಒಂದು ತಂಡ, ಯಾನ್ ಸೈಂಟಿ, ಮಾರ್ಸೆಲ್ ಡ್ರೆಕ್ಸ್ಲರ್, ಝೇವಿಯರ್ ಸ್ಟ್ರಾಟ್ನರ್ ಮೊದಲಾದವರು, ಆಮ್ಲಜನಕದ ಆ ಹಸಿರು ಫಿಲ್ಟರಿನಲ್ಲಿ ಆಂಡ್ರೋಮಿಡಾದ ಕಡೆಗೆ ಅನೇಕ ರಾತ್ರಿ ಕ್ಯಾಮೆರಾ ಹಿಡಿದು, ಗೆಲಾಕ್ಸಿಯ ಪಕ್ಕದಲ್ಲೇ ದೊಡ್ಡದೊಂದು ನೀಲಿ ಕಮಾನನ್ನು ಕಂಡರು. ರಾಬರ್ಟ್ಸ್, ಹಬಲ್, ಬಾಡೆ ಎಲ್ಲರೂ ನೋಡಿದ ಆಕಾಶದ ಆ ತುಣುಕಿನಲ್ಲಿ, ಯಾವ ದೊಡ್ಡ ವೀಕ್ಷಣಾಲಯಕ್ಕೂ ಕಾಣದೆ ಉಳಿದಿದ್ದ ವಸ್ತು. ಆ ಚಿತ್ರಕ್ಕೆ 2023ರಲ್ಲಿ ಗ್ರೀನಿಚ್ ರಾಯಲ್ ವೀಕ್ಷಣಾಲಯದ ವರ್ಷದ ಖಗೋಳ ಛಾಯಾಚಿತ್ರ ಪ್ರಶಸ್ತಿ ಬಂತು. ಹಿತ್ತಿಲಿನವರು ಆರಂಭಿಸಿದ ವಿದ್ಯೆ ಹಿತ್ತಿಲಿನವರ ಕೈಯಲ್ಲಿ ಇನ್ನೂ ಜೀವಂತವಾಗಿದೆ.

ಆದರೆ ಇದೆಲ್ಲ ಕ್ಯಾಮೆರಾದ ಗೆಲುವು. ನೂರು ಸಲ ನೋಡಿ ಸರಾಸರಿ ತೆಗೆಯುವ ಶಕ್ತಿ ನಮ್ಮ ಕಣ್ಣಿಗಿಲ್ಲ. 2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದರ ಪ್ರಕಾರ ಮನುಕುಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ತಾವಿರುವಲ್ಲಿಂದ ಆಕಾಶಗಂಗೆ ಕಾಣುವುದಿಲ್ಲ. ಬರಿಗಣ್ಣಿನಿಂದ ನೋಡಿದ ಸಾವಿರಾರು ಸಾಮಾನ್ಯ ಜನರ ವರದಿಗಳನ್ನು ಕಲೆಹಾಕಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6 ಶೇಕಡಾದಂತೆ ಏರುತ್ತಿದೆ ಎನ್ನುತ್ತದೆ. ಆ ವರದಿಗಳು ಹೆಚ್ಚಿನವು ಯೂರೋಪು ಮತ್ತು ಉತ್ತರ ಅಮೆರಿಕದವು. ಈ ವೇಗದಲ್ಲಿ, 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟು ತುಂಬುವಾಗ ಅಲ್ಲಿ ಸುಮಾರು 100 ನಕ್ಷತ್ರಗಳನ್ನಷ್ಟೇ ಕಾಣುತ್ತದಂತೆ.

ಮಾರ್ಗಶಿರದ ಒಂದು ಸಂಜೆ ಎಂಟರ ಸುಮಾರಿಗೆ ನಮ್ಮ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಕೆಟ್ಟು ಕರೆಂಟು ಹೋಯಿತು. ನಾನು ಹಳೆಯ ಬೈನಾಕ್ಯುಲರನ್ನು ಹುಡುಕಿ ತೆಗೆದು ಮೊಮ್ಮಗಳನ್ನು ತಾರಸಿಗೆ ಕರೆದೆ. ಊರಿನ ಉಳಿದ ಭಾಗದ ಮಬ್ಬು ಬೆಳಕು ದಿಗಂತದಲ್ಲಿ ಇದ್ದೇ ಇತ್ತು. ಆದರೂ ಕಣ್ಣಿಗೆ ಹೊಡೆಯುವ ದೀಪವಿಲ್ಲದೆ ಹತ್ತು ನಿಮಿಷ ಕತ್ತಲಿಗೆ ಹೊಂದಿಕೊಂಡ ಮೇಲೆ ಚೌಕ ಕಂಡಿತು, ಅದರ ಮೂಲೆ ಕಂಡಿತು, ಎರಡು ನಕ್ಷತ್ರ ಆಚೆಗೆ, ಎರಡು ಉತ್ತರಕ್ಕೆ. "ಸಿಕ್ತು ತಾತ! ಬರೀ ಹೊಗೆ ಥರ ಇದೆ" ಎಂದಳು. ಫೋಟೋದಷ್ಟು ಚೆನ್ನಾಗಿಲ್ಲ ಎನ್ನುವಳೇನೋ ಎಂದು ನಾನು ಕಾದೆ. ಅವಳು ಬೈನಾಕ್ಯುಲರನ್ನು ಇಳಿಸಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಕರೆಂಟು ಬಂತು. ಬೀದಿಯಲ್ಲೆಲ್ಲ ಮಕ್ಕಳು "ಬಂತು!" ಎಂದು ಕೂಗಿದರು. ನಮ್ಮ ತಾರಸಿಯ ಮೇಲೆ ಒಬ್ಬಳು "ಅಯ್ಯೋ" ಎಂದಳು.

ಮರುದಿನ ಕಂಬದ ಕೆಳಗೆ ನಿಂತು, ನಾನೇ ಅರ್ಜಿ ಕೊಟ್ಟು ತರಿಸಿದ ದೀಪವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅದರ ಮುಖವನ್ನು ರಸ್ತೆಗೆ ಸಮವಾಗಿ ಇಡದೆ ಮೇಲಕ್ಕೆತ್ತಿ ಕೂರಿಸಿದ್ದರು. ಬೆಳಕಿನ ಒಂದು ಪಾಲು ರಸ್ತೆಗೆ, ಇನ್ನೊಂದು ಪಾಲು ನಮ್ಮ ತಾರಸಿಗೂ ಎದುರು ಮನೆಯ ಮಹಡಿಯ ಕಿಟಕಿಗೂ. ಹದಿಮೂರು ವರ್ಷಗಳ ನಂತರ ಇನ್ನೊಂದು ಅರ್ಜಿ ಬರೆದೆ: ದೀಪವನ್ನು ತೆಗೆಯುವುದು ಬೇಡ, ಅದರ ಮುಖವನ್ನು ಕೆಳಕ್ಕೆ ತಿರುಗಿಸಿ, ಪಕ್ಕಕ್ಕೊಂದು ತಗಡಿನ ಮರೆ ಹಾಕಿಸಿಕೊಡಿ. ಎದುರು ಮನೆಯ ಅಜ್ಜಿ ಗಾಬರಿಯಿಂದ ಬಂದು "ಮೇಷ್ಟ್ರೇ, ದೀಪ ತೆಗೆಸ್ತೀರಂತೆ?" ಎಂದು ಕೇಳಿದರು. ರಸ್ತೆಗೆ ಬೆಳಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲವೆಂದು ವಿವರಿಸಿದ ಮೇಲೆ ಅವರೂ ಸಹಿ ಹಾಕಿದರು. ಕಿಟಕಿಯ ಬೆಳಕಿನಿಂದ ಅವರಿಗೂ ನಿದ್ದೆ ಬರುತ್ತಿರಲಿಲ್ಲವಂತೆ. ಎರಡು ತಿಂಗಳು ಓಡಾಡಿದ ಮೇಲೆ ಒಬ್ಬ ಲೈನ್‌ಮನ್ ಏಣಿ ತಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಇಳಿಯುತ್ತಾ, "ದೀಪ ಹಾಕಿ ಅಂತ ದಿನಾ ಅರ್ಜಿ ಬರ್ತವೆ ಸಾರ್. ದೀಪಕ್ಕೆ ಟೋಪಿ ಹಾಕಿ ಅಂತ ಬಂದಿದ್ದು ಇದೇ ಮೊದಲು" ಎಂದು ನಕ್ಕ.

ಇದರಿಂದ ತುಮಕೂರಿನ ಆಕಾಶ ಹಿರಿಯೂರಿನ ಆ ಹಳ್ಳಿಯ ಆಕಾಶವಾಗಲಿಲ್ಲ. ಊರಿನ ಒಟ್ಟು ಬೆಳಕು ಇದ್ದೇ ಇದೆ. ಬರಿಗಣ್ಣಿಗೆ ಆಂಡ್ರೋಮಿಡಾ ಈಗಲೂ ಸಿಗದು. ಆದರೆ ನಮ್ಮ ತಾರಸಿಯ ಮೇಲೆ ನೆರಳಿದೆ. ಮಳೆ ತೊಳೆದ ರಾತ್ರಿಗಳಲ್ಲಿ ಕರೆಂಟು ಹೋಗಲೆಂದು ಕಾಯದೆಯೇ ಬೈನಾಕ್ಯುಲರಿನಲ್ಲಿ ಅದು ಕಾಣುತ್ತದೆ. ಬೀದಿಯ ಹೆಣ್ಣುಮಕ್ಕಳು ಟ್ಯೂಷನ್ ಮುಗಿಸಿ ಮೊದಲಿನಂತೆಯೇ ನಿರ್ಭಯವಾಗಿ ಬರುತ್ತಾರೆ. ನನ್ನ ಶಿಷ್ಯನಿಗೆ ಫೋನು ಮಾಡಿ ಹೇಳಿದೆ. ಈ ಕಾರ್ತಿಕಕ್ಕೆ ಮತ್ತೆ ಬರುತ್ತಾನಂತೆ.

ಓದುಗರಲ್ಲಿ ಯಾರಿಗಾದರೂ ಮನೆಯ ಮುಂದೆ ಬೀದಿದೀಪವಿದ್ದರೆ ಇಂದು ರಾತ್ರಿ ಒಮ್ಮೆ ಹೊರಗೆ ಬಂದು, ಅದರ ಮುಖ ಯಾವ ಕಡೆಗಿದೆ ಎಂದು ನೋಡಿ. ಅರ್ಜಿಯ ಒಕ್ಕಣೆ ಬೇಕಾದವರಿಗೆ ನನ್ನಲ್ಲಿ ಪ್ರತಿಯಿದೆ.